ಕಂಪನಿ ಬಾಗಿಲು ಹಾಕಿದ ಮೇಲೆ ಫೋನ್ ಎತ್ತಿದವರು

1994ರ ಏಪ್ರಿಲ್ 29ರಂದು ಅಮೆರಿಕದ ಕಮೋಡೋರ್ ಕಂಪನಿ ವ್ಯವಹಾರ ಮುಚ್ಚುತ್ತಿರುವುದಾಗಿ ಘೋಷಿಸಿತು. ಅಷ್ಟರಲ್ಲಿ ಅದರ ‘ಕಮೋಡೋರ್ 64’ ಎಂಬ ಮನೆ ಕಂಪ್ಯೂಟರ್ ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಕಂಪನಿ ಹೋಯಿತು ಅಂತ ಆ ಕಂಪ್ಯೂಟರುಗಳು ಮಾರನೇ ದಿನ ಕೆಟ್ಟು ಕೂರಲಿಲ್ಲ. ಚರ್ಚಿನ ಸುದ್ದಿಪತ್ರ, ಅಂಗಡಿಯ ಲೆಕ್ಕ, ಮಕ್ಕಳ ಆಟ ಎಲ್ಲ ಅವುಗಳ ಮೇಲೆಯೇ ನಡೆಯುತ್ತಿತ್ತು. ಆದರೆ ಏನಾದರೂ ಕೈಕೊಟ್ಟರೆ ಯಾರನ್ನು ಕೇಳುವುದು? ಕಂಪ್ಯೂಟರ್ ಇತಿಹಾಸ ಬರೆಯುವವರು ಯಾವ ಯಂತ್ರ ಯಾವಾಗ ಬಂತು ಅಂತ ಬರೆಯುತ್ತಾರೆ. ಅದು ಹಳತಾದ ಮೇಲೆ ಅದನ್ನು ನೋಡಿಕೊಂಡವರು ಯಾರು ಅನ್ನುವುದನ್ನು ಬರೆಯುವವರು ಕಡಿಮೆ.

ಮೊದಲು ಯಂತ್ರದ ಬಗ್ಗೆ ನಾಲ್ಕು ಮಾತು. ಇದು 1982ರಲ್ಲಿ 595 ಡಾಲರಿಗೆ ಮಾರುಕಟ್ಟೆಗೆ ಬಂತು. ನೆನಪಿನ ಸಾಮರ್ಥ್ಯ 64 ಕಿಲೋಬೈಟ್. ಈಗ ನಾವು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಮನೆಯ ಟಿವಿಗೆ ಜೋಡಿಸಿದರೆ ಅದೇ ಪರದೆ. 1541 ಎಂಬ ಡ್ರೈವಿಗೆ ಹಾಕುವ ಒಂದು ಫ್ಲಾಪಿಯಲ್ಲಿ ಸುಮಾರು 170 ಕಿಲೋಬೈಟ್ ಜಾಗ. ಆ ಡ್ರೈವ್ ಎಷ್ಟು ನಿಧಾನ ಅಂದರೆ, ಪ್ರೋಗ್ರಾಂ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಬರಬಹುದಿತ್ತು.

ಇಂಥ ಯಂತ್ರಕ್ಕೆ 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಸಾಫ್ಟ್‌ವರ್ಕ್ಸ್ ಎಂಬ ಕಂಪನಿ ‘ಜಿಯೋಸ್’ ಎಂಬ ಸಾಫ್ಟ್‌ವೇರ್ ತಂತು. ಚಿತ್ರದ ಗುರುತುಗಳು, ಮೇಲಿಂದ ಇಳಿಯುವ ಮೆನು, ಬರೆಯಲು ಜಿಯೋರೈಟ್, ಚಿತ್ರ ಬಿಡಿಸಲು ಜಿಯೋಪೇಂಟ್ ಎಲ್ಲ ಅದರಲ್ಲಿತ್ತು. ದುಬಾರಿ ಮ್ಯಾಕಿಂಟೋಷ್‌ನಲ್ಲಿ ಸಿಗುತ್ತಿದ್ದ ಅನುಭವವನ್ನು ಬಡವರ ಮನೆಯ ಯಂತ್ರಕ್ಕೆ ತಂದ ಹಾಗಾಯಿತು. ಕಮೋಡೋರ್ ತನ್ನ ಹೊಸ 64ಸಿ ಮಾದರಿಯ ಜೊತೆಗೇ ಇದನ್ನು ಕೊಡತೊಡಗಿತು.

ಆಗಿನ ಗ್ರಾಹಕ ಸೇವೆ ಅಂದರೆ ಡಬ್ಬಿಯೊಳಗಿನ ನೋಂದಣಿ ಕಾರ್ಡು, ಒಂದು ಫೋನ್ ನಂಬರು, ಒಂದು ಅಂಚೆ ವಿಳಾಸ. ಇದಲ್ಲದೆ 1985ರಲ್ಲಿ ಶುರುವಾದ ಕ್ವಾಂಟಮ್ ಲಿಂಕ್ ಎಂಬ ದೂರವಾಣಿ ಜಾಲವೂ ಇತ್ತು. ಕಮೋಡೋರ್ ಬಳಕೆದಾರರಿಗೆಂದೇ ಇದ್ದ ಈ ಜಾಲದಲ್ಲಿ ಜಿಯೋಸ್ ಕುರಿತ ಪ್ರಶ್ನೆಗಳಿಗೇ ಒಂದು ವಿಭಾಗವಿತ್ತು. ಇದನ್ನು ನಡೆಸುತ್ತಿದ್ದ ಕಂಪನಿಯೇ ಮುಂದೆ ಅಮೆರಿಕ ಆನ್‌ಲೈನ್ ಆಗಿ ಬೆಳೆಯಿತು.

ಜಿಯೋಸ್‌ನಲ್ಲಿ ಒಂದು ಬೀಗವಿತ್ತು. ಮೊದಲ ಸಲ ಚಾಲೂ ಮಾಡಿದಾಗ ಅದು ತನಗೆ ತಾನೇ ಒಂದು ಕ್ರಮಸಂಖ್ಯೆ ಹುಟ್ಟಿಸಿಕೊಂಡು ಬೂಟ್ ಡಿಸ್ಕಿನಲ್ಲಿ ಬರೆದಿಡುತ್ತಿತ್ತು. ಜಿಯೋರೈಟ್‌ನಂಥ ಪ್ರೋಗ್ರಾಂಗಳು ಮೊದಲ ಸಲ ಓಡುವಾಗ ಅದೇ ಸಂಖ್ಯೆಯನ್ನು ತಮ್ಮೊಳಗೆ ಅಚ್ಚೊತ್ತಿಕೊಳ್ಳುತ್ತಿದ್ದವು. ಆಮೇಲೆ ಬೇರೆ ಸಂಖ್ಯೆಯ ಬೂಟ್ ಡಿಸ್ಕ್ ಹಾಕಿದರೆ ಕೆಲಸ ಮಾಡುತ್ತಿರಲಿಲ್ಲ. ಬೂಟ್ ಡಿಸ್ಕನ್ನು ಮಾಮೂಲಿ ರೀತಿಯಲ್ಲಿ ನಕಲು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ. ಕಳ್ಳ ಪ್ರತಿ ತಡೆಯಲು ಮಾಡಿದ ಉಪಾಯ ಇದು, ಅದರಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಆದರೆ ಫ್ಲಾಪಿ ಅನ್ನುವುದು ಧೂಳು, ತೇವ, ಆಯಸ್ಕಾಂತ ಯಾವುದಕ್ಕೂ ತಡೆಯದ ವಸ್ತು. ಬೂಟ್ ಡಿಸ್ಕ್ ಹಾಳಾದರೆ, ದುಡ್ಡು ಕೊಟ್ಟು ಕೊಂಡ ಉಳಿದ ಪ್ರೋಗ್ರಾಂಗಳೂ ಸುಮ್ಮನೆ ಕೂರುತ್ತಿದ್ದವು. ಅಂದರೆ ಗ್ರಾಹಕ ಡಬ್ಬಿ ಕೊಂಡಿದ್ದರೂ ಕೀಲಿಗಾಗಿ ಕಂಪನಿಯ ಬಾಗಿಲಿಗೇ ಹೋಗಬೇಕು. ಕಂಪನಿ ಇರುವವರೆಗೆ ಇದು ಬರೀ ತೊಂದರೆ. ಇಲ್ಲದಾಗ ಮನೆಯೇ ಬೀಗ ಬಿದ್ದ ಹಾಗೆ.

1990ರಲ್ಲಿ ಬರ್ಕ್ಲಿ ಸಾಫ್ಟ್‌ವರ್ಕ್ಸ್ ತನ್ನ ಹೆಸರನ್ನು ಜಿಯೋವರ್ಕ್ಸ್ ಎಂದು ಬದಲಿಸಿಕೊಂಡು ಐಬಿಎಂ ಮಾದರಿಯ ಪಿಸಿಗಳತ್ತ ತಿರುಗಿತು. ವ್ಯಾಪಾರದ ಲೆಕ್ಕದಲ್ಲಿ ಅದು ಸಹಜ. ನಾಲ್ಕು ವರ್ಷದಲ್ಲಿ ಯಂತ್ರ ಮಾಡಿದ ಕಮೋಡೋರ್ ಕಂಪನಿಯೇ ಹೋಯಿತು. ಅದೇ ಸುಮಾರಿಗೆ ಕ್ವಾಂಟಮ್ ಲಿಂಕ್ ಕೂಡ ನಿಂತಿತು. ಯಂತ್ರ, ಸಾಫ್ಟ್‌ವೇರ್, ಕೇಳುವ ಜಾಗ ಮೂರೂ ಕೈತಪ್ಪಿದವು.

ಆಗ ಹೆಗಲು ಕೊಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಕ್ರಿಯೇಟಿವ್ ಮೈಕ್ರೋ ಡಿಸೈನ್ಸ್ ಎಂಬ ಸಣ್ಣ ಕಂಪನಿ. ಜನ ಅದನ್ನು ಸಿಎಂಡಿ ಅಂತಲೇ ಕರೆಯುತ್ತಿದ್ದರು. 1980ರ ದಶಕದಲ್ಲಿ ಜಿಫಿಡಾಸ್ ಎಂಬ ಚಿಪ್‌ನಿಂದ ಅದು ಹೆಸರು ಮಾಡಿತ್ತು. ಕಂಪ್ಯೂಟರಿನಲ್ಲೂ ಡ್ರೈವಿನಲ್ಲೂ ಹಳೆಯ ಚಿಪ್ ತೆಗೆದು ಇದನ್ನು ಕೂರಿಸಿದರೆ ಆಮೆಯಂಥ ಡ್ರೈವ್ ಹಲವು ಪಟ್ಟು ವೇಗವಾಗಿ ಓಡುತ್ತಿತ್ತು. ದೊಡ್ಡವರು ಬಿಟ್ಟುಹೋದ ಮೇಲೆ ಸಿಎಂಡಿ ಜಿಯೋಸ್ ಮಾರಾಟವನ್ನೂ ವಹಿಸಿಕೊಂಡಿತು, ಹಾರ್ಡ್ ಡಿಸ್ಕ್ ಮಾಡಿತು, 1994ರಿಂದ ‘ಕಮೋಡೋರ್ ವರ್ಲ್ಡ್’ ಎಂಬ ಪತ್ರಿಕೆಯನ್ನೂ ಹೊರತಂದಿತು. ಒಂದು ಮೆಗಾಹರ್ಟ್ಸ್ ಆಸುಪಾಸಿನ ಯಂತ್ರಕ್ಕೆ 20 ಮೆಗಾಹರ್ಟ್ಸ್‌ನ ‘ಸೂಪರ್‌ಸಿಪಿಯು’ ಜೋಡಿಸಿ ಮಾರಿತು. ತಯಾರಕ ಸತ್ತ ಮೇಲೂ ಅವನ ಯಂತ್ರಕ್ಕೆ ಹೊಸ ಸಾಮಾನು ಬರುತ್ತಿತ್ತು. 2001ರಲ್ಲಿ ಸಿಎಂಡಿಯೂ ಕಮೋಡೋರ್ ವ್ಯಾಪಾರ ನಿಲ್ಲಿಸಿತು. ಅಂದರೆ ತಯಾರಕನಿಗಿಂತ ಏಳು ವರ್ಷ ಹೆಚ್ಚು ಅದು ಬಾಗಿಲು ತೆರೆದಿಟ್ಟಿತ್ತು.

ಇನ್ನೂ ಹೆಚ್ಚು ಕಾಲ ನಿಂತದ್ದು ‘ಲೋಡ್‌ಸ್ಟಾರ್’. ಲೂಯಿಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ಊರಿನಿಂದ 1984ರಲ್ಲಿ ಶುರುವಾದ ಈ ಪತ್ರಿಕೆ ಕಾಗದದ ಮೇಲಲ್ಲ, ಫ್ಲಾಪಿಯಲ್ಲೇ ಚಂದಾದಾರರ ಮನೆಗೆ ಬರುತ್ತಿತ್ತು. ಒಳಗೆ ಲೇಖನ, ಪ್ರೋಗ್ರಾಂ, ಆಟ. 2007ರವರೆಗೆ ಸುಮಾರು 250 ಸಂಚಿಕೆ ಬಂದವು. ಕೆನಡಾದ ಟೊರಾಂಟೊದಲ್ಲಿ 1979ರಲ್ಲಿ ಹುಟ್ಟಿದ ಕಮೋಡೋರ್ ಬಳಕೆದಾರರ ಸಂಘ ಟಿಪಿಯುಜಿ ಕಂಪನಿ ಹೋಗಿ ದಶಕಗಳಾದ ಮೇಲೂ ಸಭೆ ನಡೆಸಿಕೊಂಡು ಬಂದಿದೆ. ಅಲ್ಲಿ ಸಂಬಳದ ಸಿಬ್ಬಂದಿ ಇಲ್ಲ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ, ಅಷ್ಟೆ.

ಕೊನೆಗೆ 2000ದ ದಶಕದಲ್ಲಿ ಜಿಯೋಸ್ ಉಚಿತವಾಗಿ ಸಿಗುವಂತಾಯಿತು. ಹವ್ಯಾಸಿಗಳು ಅದರ ಒಳಗನ್ನು ಬಿಡಿಸಿ ಓದಿ, ಆ ಬೀಗ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಸಾಲುಸಾಲಾಗಿ ವಿವರಿಸಿ ಬರೆದರು. ಕೀಲಿ ಎಲ್ಲರ ಕೈಗೆ ಬಂತು. ಆದರೆ ಅಷ್ಟರಲ್ಲಿ ಅದರ ಮೇಲೆ ದಿನದ ಕೆಲಸ ಮಾಡುತ್ತಿದ್ದ ಬಹುತೇಕರು ಬೇರೆ ಯಂತ್ರ ಹಿಡಿದಿದ್ದರು.

ಅಮೆರಿಕದ ಈ ಕಥೆ ನಮಗ್ಯಾಕೆ ಅಂತ ಕೇಳಬಹುದು. ನಮ್ಮ ಜಿಲ್ಲೆ, ತಾಲ್ಲೂಕುಗಳ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ನೋಡಿ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿಟ್ಟ ಕಡತಗಳು ಹಳೆಯ ಕಂಪ್ಯೂಟರುಗಳಲ್ಲಿ ಇನ್ನೂ ಇವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕಗಳಿವೆ, ನಿಜ. ಆದರೆ ಯಾವ ಕಡತ ಯಾವ ಫಾಂಟಿನದು, ಯಾವ ಪರಿವರ್ತಕಕ್ಕೆ ಹಾಕಬೇಕು ಅಂತ ಗೊತ್ತಿರುವುದು ಬಹಳ ಕಡೆ ಒಬ್ಬ ಹಳೆಯ ಡಿಟಿಪಿ ಆಪರೇಟರಿಗೆ ಮಾತ್ರ. ಊರಿನ ಸಂಘದ ಸ್ಮರಣ ಸಂಚಿಕೆ, ಸ್ಥಳೀಯ ಪತ್ರಿಕೆಯ ಹಳೆಯ ಪುಟಗಳು ಅವರ ತಲೆಯೊಳಗಿನ ಕೀಲಿಯ ಮೇಲೆ ನಿಂತಿವೆ.

ಕಮೋಡೋರ್ ಕಥೆಯಿಂದ ಕಲಿಯಬೇಕಾದದ್ದು ಇಷ್ಟು. ಗ್ರಾಹಕ ಸೇವೆಯನ್ನು ನಾವು ಕಂಪನಿಯ ಉಪಕಾರ ಅಂದುಕೊಂಡಿದ್ದೇವೆ. ನಿಜದಲ್ಲಿ ಅದು ತಿಳಿವಳಿಕೆಯ ಉಸ್ತುವಾರಿ. ಕಂಪನಿ ಕೈಬಿಟ್ಟಾಗ ಯಾರಾದರೂ ಅದನ್ನು ಬರೆದಿಟ್ಟು, ಹಂಚಿ, ಕೇಳಿದವರಿಗೆ ಹೇಳಿದರೆ ಯಂತ್ರವೂ ಉಳಿಯುತ್ತದೆ, ಅದರೊಳಗಿನ ಬದುಕೂ ಉಳಿಯುತ್ತದೆ. ನಿಮ್ಮ ಊರಿನ ಆ ಡಿಟಿಪಿ ಆಪರೇಟರ್ ನಿವೃತ್ತರಾಗುವ ಮೊದಲು ಒಂದು ನೋಟ್‌ಪುಸ್ತಕ ಹಿಡಿದು ಅವರ ಪಕ್ಕ ಕೂರುವುದು ಒಳ್ಳೆಯದು.