ಸೀಳು ಅಂಗುಳದ ಮಕ್ಕಳು: ಶಸ್ತ್ರಚಿಕಿತ್ಸೆ ಮುಗಿದರೂ ಮುಗಿಯದ ಹಲ್ಲಿನ ಆರೈಕೆ

ಸೀಳು ತುಟಿ, ಸೀಳು ಅಂಗುಳದೊಂದಿಗೆ ಹುಟ್ಟಿದ ಮಗುವಿಗೆ ಶಸ್ತ್ರಚಿಕಿತ್ಸೆಯಾಯಿತೆಂದರೆ ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಮುಖದ ಅಂದ ಮರಳಿತು, ಕುಡಿದ ಹಾಲು ಮೂಗಿನಲ್ಲಿ ಬರುವುದು ನಿಂತಿತು, ಇನ್ನೇನು ಬೇಕು ಎಂಬ ಭಾವನೆ ಸಹಜ. ಆದರೆ ಇಂಥ ಮಕ್ಕಳ ಹಾಲುಹಲ್ಲುಗಳು ಹುಳುಕಾಗುವ ಸಂಭವ ಇತರ ಮಕ್ಕಳಿಗಿಂತ ಹೆಚ್ಚು. ಆ ಹುಳುಕು ಕೆಲವು ವರ್ಷಗಳ ನಂತರ ನಡೆಯಬೇಕಾದ ಮತ್ತೊಂದು ಶಸ್ತ್ರಚಿಕಿತ್ಸೆಗೆ ಅಡ್ಡಿಯಾಗಬಲ್ಲದು ಎಂಬುದು ಬಹುತೇಕ ಪೋಷಕರಿಗೆ ತಿಳಿದಿರುವುದಿಲ್ಲ.

ಭಾರತದಲ್ಲಿ ಸುಮಾರು 700ರಿಂದ 1000 ಜನನಗಳಿಗೆ ಒಂದು ಮಗು ಈ ದೋಷದೊಂದಿಗೆ ಹುಟ್ಟುತ್ತದೆ. ಗರ್ಭ ಧರಿಸಿದ ಮೊದಲ ಎರಡು-ಮೂರು ತಿಂಗಳಲ್ಲಿ ಎರಡೂ ಬದಿಯಿಂದ ಬೆಳೆದುಬಂದು ಕೂಡಬೇಕಾದ ತುಟಿ ಮತ್ತು ಅಂಗುಳದ ಭಾಗಗಳು ಕೂಡದೇ ಉಳಿಯುವುದೇ ಇದಕ್ಕೆ ಕಾರಣ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ತರಕಾರಿ ಹೆಚ್ಚಿದಳು ಎಂದು ತಾಯಿಯನ್ನು ದೂರುವ ರೂಢಿ ಇನ್ನೂ ಅಳಿದಿಲ್ಲ. ಅದಕ್ಕೆ ಯಾವ ಆಧಾರವೂ ಇಲ್ಲ.

ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ, ಅಂಗುಳದ್ದು 9ರಿಂದ 18 ತಿಂಗಳೊಳಗೆ ನಡೆಯುತ್ತದೆ. ವಸಡಿನ ಭಾಗವೂ ಸೀಳಿದ್ದರೆ ಸುಮಾರು 7ರಿಂದ 11ರ ವಯಸ್ಸಿನಲ್ಲಿ ಸೊಂಟದ ಮೂಳೆಯಿಂದ ಚೂರು ತೆಗೆದು ದವಡೆಯ ಸೀಳನ್ನು ತುಂಬಲಾಗುತ್ತದೆ. ಶಾಶ್ವತ ಕೋರೆಹಲ್ಲು ಆ ಮೂಳೆಯ ಮೂಲಕವೇ ಇಳಿದು ಬರಬೇಕು. ಬಾಯಲ್ಲಿ ಕೀವು, ಹುಳುಕು ಇದ್ದರೆ ಕಸಿ ಮಾಡಿದ ಮೂಳೆಗೆ ಸೋಂಕು ತಗಲುವ ಭಯವಿರುವುದರಿಂದ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ. ಹುಳುಕಾದ ಹಾಲುಹಲ್ಲನ್ನು ಬೇಗನೆ ಕೀಳಬೇಕಾಗಿ ಬಂದರೆ ಮೊದಲೇ ಕಿರಿದಾದ ದವಡೆಯಲ್ಲಿ ಜಾಗ ಇನ್ನಷ್ಟು ಕಡಿಮೆಯಾಗುತ್ತದೆ.

ಸೀಳಿನ ಅಕ್ಕಪಕ್ಕದ ಹಲ್ಲುಗಳು ಓರೆಯಾಗಿ, ಕೆಲವೊಮ್ಮೆ ಹೆಚ್ಚುವರಿಯಾಗಿ, ದುರ್ಬಲ ಎನಾಮೆಲ್ ಹೊತ್ತು ಹುಟ್ಟುತ್ತವೆ. ಅವುಗಳ ಸಂದಿಯಲ್ಲಿ ಆಹಾರ ನಿಲ್ಲುತ್ತದೆ. ಇದು ದೇಹರಚನೆಯ ಮಾತಾಯಿತು. ಉಳಿದದ್ದು ಮನೆಯ ರೂಢಿ.

ಅಂಗುಳ ಸೀಳಿದ ಶಿಶುವಿಗೆ ಎಳೆದು ಹಾಲು ಕುಡಿಯಲಾಗದು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಚಮಚದಲ್ಲೋ ಒಳಲೆಯಲ್ಲೋ (ಕೆಜಿಎಫ್‌ನ ತಮಿಳು ಮನೆಗಳಲ್ಲಿ ಇದು ಪಾಲಾಡೈ) ಗುಟುಕು ಗುಟುಕಾಗಿ ಹಾಕಬೇಕು. ತೂಕ ಏರದ ಆ ತಿಂಗಳುಗಳ ಆತಂಕ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಮುಂದೆ ಮಗು ಚೆನ್ನಾಗಿ ಕುಡಿಯಲಾರಂಭಿಸಿದ ಮೇಲೂ ಅತ್ತಾಗಲೆಲ್ಲ ಸಕ್ಕರೆ ಹಾಕಿದ ಹಾಲು, ರಾತ್ರಿ ಬಾಯಲ್ಲೇ ಬಾಟಲಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು. ನಿದ್ದೆಯಲ್ಲಿ ಜೊಲ್ಲು ಕಡಿಮೆ ಸುರಿಯುವುದರಿಂದ ಹಲ್ಲಿಗೆ ಅಂಟಿದ ಹಾಲು ತೊಳೆದುಹೋಗದೆ ಬೆಳಗಿನವರೆಗೂ ಆಮ್ಲವಾಗುತ್ತಲೇ ಇರುತ್ತದೆ.

ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ನಂತರ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಸಾವಿರಾರು ಮಂದಿ ದುಡಿಮೆಗಾಗಿ ನಿತ್ಯ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುತ್ತಾರೆ. ಅಪ್ಪ ಅಮ್ಮ ಇಬ್ಬರೂ ನಸುಕಿನಲ್ಲೇ ಹೊರಡುವ ಮನೆಯಲ್ಲಿ ಮಗು ಇಡೀ ದಿನ ಅಜ್ಜಿಯ ಕೈಯಲ್ಲಿ. ಆದ್ದರಿಂದ ವೈದ್ಯರ ಸಲಹೆ ಅಜ್ಜಿಗೂ ತಲುಪಬೇಕು. ಒಂದು ವರ್ಷ ತುಂಬುವ ಹೊತ್ತಿಗೆ ಲೋಟಕ್ಕೆ ಬದಲಾಯಿಸಲು ಆರಂಭಿಸಿ, ರಾತ್ರಿಯ ಬಾಟಲಿಯನ್ನು ಬಿಡಿಸುವುದು ಒಳ್ಳೆಯದು. ಬಿಡಿಸುವವರೆಗೂ ಅದರಲ್ಲಿ ಬರೀ ನೀರಿರಲಿ. ಸೀಳು ಅಂಗುಳದ ಮಕ್ಕಳಿಗೆ ಕಿವಿಸೋಂಕು ಪದೇ ಪದೇ ಬರುವುದರಿಂದ ಸಿಹಿ ಸಿರಪ್‌ಗಳೂ ಹೆಚ್ಚು; ಮಲಗುವ ಮುನ್ನ ಸಿರಪ್ ಕುಡಿಸಿದರೆ ಬಾಯಿ ತೊಳೆಯಲು ಮರೆಯಬಾರದು.

ಹೊಲಿಗೆ ಬಿಚ್ಚೀತು ಎಂಬ ಅಂಜಿಕೆಯಿಂದ ಮೇಲಿನ ಮುಂಭಾಗದ ಹಲ್ಲುಗಳನ್ನು ಮುಟ್ಟದೇ ಬಿಡುವವರಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರ ಮಾತ್ರ ವೈದ್ಯರು ಹೇಳಿದಂತೆ ಎಚ್ಚರ ಬೇಕು. ಗಾಯ ಮಾಗಿದ ಮೇಲೆ ತುಟಿಯನ್ನು ಮೆಲ್ಲಗೆ ಎತ್ತಿ, ಸೀಳಿನ ಪಕ್ಕದ ಹಲ್ಲನ್ನೂ ಸಣ್ಣ ಮೃದು ಬ್ರಷ್‌ನಿಂದ ದಿನಕ್ಕೆರಡು ಬಾರಿ ಉಜ್ಜಲೇಬೇಕು. ಇದು ದೊಡ್ಡವರ ಕೆಲಸ. ಏಳೆಂಟು ವರ್ಷದವರೆಗೆ ಮಗುವಿನ ಕೈಗೇ ಬಿಟ್ಟರೆ ಸಾಲದು.

ಪೇಸ್ಟಿನ ವಿಷಯದಲ್ಲಿ ಕೋಲಾರ ಜಿಲ್ಲೆಯ ಪರಿಸ್ಥಿತಿ ಬೇರೆ. ಇಲ್ಲಿನ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಮೂಡುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಹಾಗೆಂದು ಪೇಸ್ಟನ್ನೇ ಬಿಡುವುದು ತಪ್ಪು, ಏಕೆಂದರೆ ಕಲೆ ಬಿದ್ದ ಹಲ್ಲಿಗೂ ಹುಳುಕು ಹತ್ತುತ್ತದೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು ಪೇಸ್ಟ್ ಸಾಕು, ಅದನ್ನು ನುಂಗದಂತೆ ನೋಡಿಕೊಳ್ಳಬೇಕು. ಮನೆಗೆ ಬರುವ ನೀರು ಎಲ್ಲಿಯದೆಂದು ದಂತವೈದ್ಯರಿಗೆ ಹೇಳಿ ಸಲಹೆ ಪಡೆಯುವುದು ಇನ್ನೂ ಉತ್ತಮ.

ಕೆಜಿಎಫ್‌ನ ಬೆಮೆಲ್ ನಗರದಲ್ಲೇ ದಂತವೈದ್ಯಕೀಯ ಕಾಲೇಜಿದೆ. ಮೊದಲ ಹಲ್ಲು ಕಂಡ ಮೇಲೆ, ತಡವೆಂದರೆ ಮೊದಲ ಹುಟ್ಟುಹಬ್ಬದೊಳಗೆ, ಮಗುವನ್ನು ದಂತವೈದ್ಯರಿಗೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿ ಮತ್ತು ಅಂಗುಳವೂ ಸೇರಿದೆ. ಇದರ ತಂಡಗಳು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಿ, ಉಚಿತ ಚಿಕಿತ್ಸೆಗೆ ಕಳುಹಿಸುತ್ತವೆ. ಮಾತು ಮೂಗಿನಲ್ಲಿ ಬರುತ್ತಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತರಬೇತಿ ದೊರೆಯುತ್ತದೆ. ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿಟ್ಟು, ಹಲ್ಲಿನ ತಪಾಸಣೆಗೆ ಹೋದಾಗಲೆಲ್ಲ ಜೊತೆಗೆ ಒಯ್ಯಬೇಕು.