ಸಮಗ್ರ ಪೌಷ್ಟಿಕತೆ: ಮಹಿಳೆಯರ ರಕ್ತಹೀನತೆ, ಆಯಾಸ ಮತ್ತು ಮಾನಸಿಕ ಒತ್ತಡ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸದಾ ಆಯಾಸ, ತಲೆಸುತ್ತು, ಎದೆಬಡಿತ, ಸಣ್ಣ ವಿಷಯಕ್ಕೂ ಸಿಡುಕು, ಕೆಲಸದಲ್ಲಿ ಗಮನ ನಿಲ್ಲದಿರುವುದು ಇವುಗಳನ್ನು ಅನೇಕ ಕುಟುಂಬಗಳಲ್ಲಿ ಮಹಿಳೆಯ ಸ್ವಭಾವವೆಂದೋ, ಮನೆಗೆಲಸದ ಒತ್ತಡವೆಂದೋ ತಿಳಿದು ಸುಮ್ಮನಾಗುವುದು ರೂಢಿಯಲ್ಲಿದೆ. ಇವೇ ರಕ್ತಹೀನತೆಯ ಲಕ್ಷಣಗಳೂ ಹೌದು. ಎರಡರಲ್ಲಿ ಯಾವುದು ಕಾರಣವೆಂಬುದನ್ನು ಊಹೆಯಿಂದ ನಿರ್ಧರಿಸಲು ಸಾಧ್ಯವಿಲ್ಲ. ಬೆರಳಿನ ತುದಿಯಿಂದ ತೆಗೆದ ಒಂದು ಹನಿ ರಕ್ತದ ಪರೀಕ್ಷೆಯಿಂದ ಹಿಮೋಗ್ಲೋಬಿನ್ ಪ್ರಮಾಣ ತಿಳಿಯುತ್ತದೆ. ಸದರಿ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ಆದುದರಿಂದ ಒತ್ತಡವೆಂದು ತೀರ್ಮಾನಿಸುವ ಮುನ್ನ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿ ರಕ್ತಹೀನತೆ ಹೊಂದಿದ್ದರು. ಹಿಂದಿನ ಸಮೀಕ್ಷೆಯಲ್ಲಿ (2015-16) ಈ ಪ್ರಮಾಣ ಶೇ. 44.8 ಇತ್ತು. ಮಾತ್ರೆ, ಆಹಾರ, ಕಾರ್ಯಕ್ರಮ ಎಲ್ಲವೂ ಇದ್ದ ಅವಧಿಯಲ್ಲಿಯೇ ಪ್ರಮಾಣ ಏರಿರುವುದನ್ನು ಗಮನಿಸಬೇಕಾಗುತ್ತದೆ. ಸೌಲಭ್ಯವು ಕೇಂದ್ರದವರೆಗೆ ತಲುಪುವುದು ಒಂದು ವಿಷಯ. ಅದು ಮಹಿಳೆಯ ದೇಹಕ್ಕೆ ಸೇರುವುದು ಬೇರೆಯೇ ವಿಷಯ.

ಆಹಾರಕ್ಕೂ ಮನಸ್ಸಿಗೂ ಇರುವ ಸಂಬಂಧ

ಶ್ವಾಸಕೋಶದಿಂದ ಆಮ್ಲಜನಕವನ್ನು ದೇಹದ ಎಲ್ಲ ಭಾಗಗಳಿಗೆ ಒಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಅದರ ತಯಾರಿಕೆಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ-12 ಹಾಗೂ ಸಸಾರಜನಕ ಅಗತ್ಯ. ಹಿಮೋಗ್ಲೋಬಿನ್ ಕಡಿಮೆಯಾದಾಗ ಹೃದಯವು ಹೆಚ್ಚು ವೇಗವಾಗಿ ಬಡಿದು ಕೊರತೆಯನ್ನು ಸರಿದೂಗಿಸಲು ಯತ್ನಿಸುತ್ತದೆ. ಈ ಎದೆಬಡಿತ ಮತ್ತು ಏದುಸಿರನ್ನು ಗಾಬರಿಯೆಂದು ಭಾವಿಸುವ ಸಂಭವವಿದೆ. ಮೆದುಳಿನಲ್ಲಿ ಗಮನ ಮತ್ತು ಮನೋಭಾವಕ್ಕೆ ಸಂಬಂಧಿಸಿದ ರಾಸಾಯನಿಕಗಳ ತಯಾರಿಕೆಗೂ ಕಬ್ಬಿಣಾಂಶ ಬೇಕಾಗುವುದರಿಂದ ಅದರ ಕೊರತೆಯು ಮನಸ್ಸಿನ ಮೇಲೆ ಪರಿಣಾಮ ಬೀರುತ್ತದೆ. ಬಿ-12 ಕೊರತೆಯಲ್ಲಿ ಕೈಕಾಲು ಜೋಮು ಹಿಡಿಯುವುದು ಹಾಗೂ ಮರೆವು ಕಾಣಿಸಿಕೊಳ್ಳಬಹುದು. ಸೊಪ್ಪು ತರಕಾರಿಗಳಲ್ಲಿ ಬಿ-12 ದೊರೆಯುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು ಮತ್ತು ಮಾಂಸದಲ್ಲಿ ಮಾತ್ರ ದೊರೆಯುತ್ತದೆ. ಸಸ್ಯಾಹಾರಿ ಮಹಿಳೆಯರು ಹಾಲು ಮೊಸರನ್ನು ಮಕ್ಕಳಿಗೆ ಮಾತ್ರ ಮೀಸಲಿಡುವುದು ಈ ದೃಷ್ಟಿಯಿಂದ ಸರಿಯಲ್ಲ.

ಊಟದ ಹೊತ್ತು ತಪ್ಪುವುದೂ ಒಂದು ಕಾರಣ. ಬೆಳಿಗ್ಗೆ ಎಲ್ಲರಿಗೂ ಬುತ್ತಿ ಕಟ್ಟಿ, ತಾನು ಎರಡು ಲೋಟ ಚಹಾದಲ್ಲಿ ಮಧ್ಯಾಹ್ನದವರೆಗೆ ಕಳೆಯುವ ಗೃಹಿಣಿಗೆ ಹನ್ನೊಂದು ಗಂಟೆಯ ವೇಳೆಗೆ ತಲೆನೋವು ಮತ್ತು ಸಿಡುಕು ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಸೋಮವಾರ, ಶನಿವಾರ ಹಾಗೂ ಶ್ರಾವಣ ಮಾಸದ ಉಪವಾಸಗಳಲ್ಲಿಯೂ ಹಣ್ಣು, ಹಾಲು, ಶೇಂಗಾ ಬಿಟ್ಟು ಬರೀ ಚಹಾ ಕಾಫಿಯ ಮೇಲೆ ದಿನ ಕಳೆಯುವವರಿದ್ದಾರೆ. ಗರ್ಭಿಣಿಯರು ಮತ್ತು ರಕ್ತಹೀನತೆ ಇರುವವರು ಇಂತಹ ಉಪವಾಸ ಕೈಗೊಳ್ಳಬಾರದು.

ಒತ್ತಡದಿಂದ ಹಸಿವು ಕುಗ್ಗುತ್ತದೆ ಅಥವಾ ಸಿಹಿ ಮತ್ತು ಕರಿದ ತಿಂಡಿಗಳತ್ತ ಮನಸ್ಸು ಹರಿಯುತ್ತದೆ; ಅದರಿಂದ ಪೌಷ್ಟಿಕತೆ ಇನ್ನಷ್ಟು ಕುಸಿಯುತ್ತದೆ. ಆದುದರಿಂದ ಸಮಗ್ರ ಪೌಷ್ಟಿಕತೆ ಎಂದರೆ ತಟ್ಟೆಯಲ್ಲಿ ಏನಿದೆ ಎಂಬುದರ ಜೊತೆಗೆ ಅದನ್ನು ಯಾವಾಗ, ಯಾವುದರೊಡನೆ, ಎಷ್ಟು ನೆಮ್ಮದಿಯಿಂದ ತಿನ್ನಲು ಸಾಧ್ಯವಾಗಿದೆ ಎಂಬುದೂ ಆಗಿದೆ. ಮನೆಯಲ್ಲಿ ಎಲ್ಲರೂ ಉಂಡ ನಂತರ ಉಳಿದದ್ದನ್ನು ಉಣ್ಣುವ ಪದ್ಧತಿ ಇರುವಲ್ಲಿ ಪಲ್ಯ ಮತ್ತು ಬೇಳೆ ಮೊದಲು ಖಾಲಿಯಾಗಿ, ಮಹಿಳೆಯ ಪಾಲಿಗೆ ಅನ್ನ ಮತ್ತು ತಿಳಿ ಸಾರು ಮಾತ್ರ ಉಳಿಯುತ್ತದೆ. ಯಾವ ಟಾನಿಕ್ಕೂ ಇದನ್ನು ಸರಿಪಡಿಸಲಾರದು.

ದಿನನಿತ್ಯದ ಆಹಾರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣಾಂಶ ಬೇಕು. ಪುರುಷರಿಗೆ 19 ಮಿ.ಗ್ರಾಂ ಸಾಕು. ಪ್ರತಿ ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುವುದೇ ಈ ಹೆಚ್ಚಳಕ್ಕೆ ಮುಖ್ಯ ಕಾರಣ. ಮನೆಯಲ್ಲಿ ಅತ್ಯಂತ ಹೆಚ್ಚು ಕಬ್ಬಿಣಾಂಶ ಬೇಕಾದವರೇ ಕೊನೆಯಲ್ಲಿ ಊಟ ಮಾಡುತ್ತಿದ್ದಾರೆ ಎಂಬುದನ್ನು ಇದರಿಂದ ಅರಿಯಬಹುದು.

ಇದಕ್ಕೆ ದುಬಾರಿ ಪದಾರ್ಥಗಳೇ ಬೇಕೆಂದಿಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಸುಣ್ಣದಂಶವಿದ್ದು, ಮಹಿಳೆಯ ದಿನದ ಅಗತ್ಯವಾದ 1,000 ಮಿ.ಗ್ರಾಂನ ಮೂರನೆಯ ಒಂದು ಭಾಗ ಅದರಿಂದ ದೊರೆಯುತ್ತದೆ. ದಂಟು, ನುಗ್ಗೆ, ಹೊನಗೊನ್ನೆ ಮುಂತಾದ ಸೊಪ್ಪುಗಳು, ಹುರುಳಿ, ಅಲಸಂದೆ, ಹೆಸರುಕಾಳು, ಎಳ್ಳು, ಶೇಂಗಾ ಇವು ಎಲ್ಲ ಭಾಗಗಳಲ್ಲಿ ದೊರೆಯುತ್ತವೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಜೊತೆಗಿನ ಗುರೆಳ್ಳು ಚಟ್ನಿ, ಅಗಸೆ ಚಟ್ನಿಗಳು ಹಾಗೂ ಕರಾವಳಿಯ ಸಣ್ಣ ಮೀನು ಉತ್ತಮ ಪೌಷ್ಟಿಕ ಆಹಾರಗಳು. ಹಳೆಯ ಮೈಸೂರು ಭಾಗದ ಬಸ್ಸಾರಿನಲ್ಲಿ ಸೊಪ್ಪು ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವುದರಿಂದ ನೀರಿನಲ್ಲಿ ಕರಗಿದ ಪೋಷಕಾಂಶ ವ್ಯರ್ಥವಾಗುವುದಿಲ್ಲ.

ಸಸ್ಯಾಹಾರದಲ್ಲಿರುವ ಕಬ್ಬಿಣಾಂಶದ ಅಲ್ಪ ಭಾಗವನ್ನು ಮಾತ್ರ ದೇಹವು ಹೀರಿಕೊಳ್ಳುತ್ತದೆ. ಊಟದೊಂದಿಗೆ ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಸೇವಿಸಿದರೆ ಅದರಲ್ಲಿನ ವಿಟಮಿನ್ ಸಿ ಯಿಂದ ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಕಾಫಿಯಿಂದ ಕುಂಠಿತವಾಗುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ. ಕಾಳುಗಳನ್ನು ಮೊಳಕೆ ಕಟ್ಟಿ ಬಳಸುವುದರಿಂದಲೂ ಹೀರಿಕೆ ಸುಧಾರಿಸುತ್ತದೆ. ಬೀಟ್‌ರೂಟ್ ಕೆಂಪಗಿರುವುದರಿಂದ ಅದರಿಂದ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಒಳ್ಳೆಯ ತರಕಾರಿಯೇ, ಆದರೆ ಅದರಲ್ಲಿ ಕಬ್ಬಿಣಾಂಶ ಹೆಚ್ಚಿಲ್ಲ. ಬಣ್ಣವನ್ನು ಅಳತೆಯಾಗಿ ಪರಿಗಣಿಸಬಾರದು.

ಬಾಣಂತಿಗೆ ನೀರು, ಸೊಪ್ಪು, ಬೇಳೆ ಕೊಡಬಾರದೆಂಬ ಪಥ್ಯವು ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಹಾಲುಣಿಸುವ ತಾಯಿಗೆ ನೀರಿನ ಮತ್ತು ಆಹಾರದ ಅಗತ್ಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹಿರಿಯರು ಮಾಡಿಕೊಡುವ ಅಂಟಿನ ಉಂಡೆ ಮುಂತಾದವುಗಳನ್ನು ಬಿಡಬೇಕೆಂದಿಲ್ಲ. ಅವು ಊಟಕ್ಕೆ ಬದಲಿಯಾಗಬಾರದು ಅಷ್ಟೆ.

ಮಾತೃಪೂರ್ಣ ಯೋಜನೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ 1975ರ ಅಕ್ಟೋಬರ್ 2ರಂದು ಪ್ರಾರಂಭವಾಯಿತು. ಅನೇಕ ವರ್ಷಗಳ ಕಾಲ ಗರ್ಭಿಣಿ ಮತ್ತು ಬಾಣಂತಿಯರಿಗೆ ಆಹಾರ ಪದಾರ್ಥಗಳನ್ನು ಮನೆಗೆ ಕೊಡಲಾಗುತ್ತಿತ್ತು. ಹೀಗೆ ಕೊಟ್ಟದ್ದು ಮನೆಯ ಎಲ್ಲರ ನಡುವೆ ಹಂಚಿಹೋಗಿ ಗರ್ಭಿಣಿಯ ಪಾಲಿಗೆ ಸ್ವಲ್ಪವೇ ಉಳಿಯುತ್ತಿತ್ತು. ಈ ಹಿನ್ನೆಲೆಯಲ್ಲಿ 2017ರ ಅಕ್ಟೋಬರ್ 2ರಿಂದ ರಾಜ್ಯಾದ್ಯಂತ ಮಾತೃಪೂರ್ಣ ಯೋಜನೆಯನ್ನು ಜಾರಿಗೊಳಿಸಿ, ಅಂಗನವಾಡಿ ಕೇಂದ್ರದಲ್ಲಿಯೇ ಮಧ್ಯಾಹ್ನದ ಬಿಸಿಯೂಟ ನೀಡುವ ವ್ಯವಸ್ಥೆ ಮಾಡಲಾಯಿತು. ತಿಂಗಳಿಗೆ 25 ದಿನ ಅನ್ನ, ತರಕಾರಿ ಸಹಿತ ಸಾಂಬಾರು, ಹಾಲು, ಬೇಯಿಸಿದ ಮೊಟ್ಟೆ, ಶೇಂಗಾ ಚಿಕ್ಕಿ ನೀಡುವುದು ಯೋಜನೆಯ ಸ್ವರೂಪ. ಮೊಟ್ಟೆ ಸೇವಿಸದವರಿಗೆ ಮೊಳಕೆ ಕಾಳು ನೀಡಲಾಗುತ್ತದೆ.

ಕೇಂದ್ರಕ್ಕೆ ನಡೆದು ಬಂದು ಊಟ ಮಾಡುವುದು ಹಲವರಿಗೆ ಮುಜುಗರವೆನಿಸುತ್ತದೆ. ಮಲೆನಾಡಿನ ಒಂಟಿ ಮನೆಗಳಿಂದ, ಮಳೆಗಾಲದಲ್ಲಿ, ತುಂಬು ಗರ್ಭಿಣಿಗೆ ಇದು ನಿಜವಾಗಿಯೂ ಕಷ್ಟಸಾಧ್ಯ. ಅಂತಹ ಪ್ರಕರಣಗಳನ್ನು ಕುಟುಂಬದವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಗಮನಕ್ಕೆ ಲಿಖಿತವಾಗಿ ತರುವುದು ಉತ್ತಮ. ಆದರೆ ನಡೆದು ಬರಲು ಸಾಧ್ಯವಿರುವವರು ಕೇಂದ್ರದಲ್ಲಿಯೇ ಕುಳಿತು ಉಣ್ಣುವುದರಲ್ಲಿ ಇನ್ನೊಂದು ಅನುಕೂಲವಿದೆ. ದಿನಕ್ಕೊಮ್ಮೆ ಮನೆಗೆಲಸದಿಂದ ಬಿಡುವು ದೊರೆತು, ತನ್ನಂತೆಯೇ ಇರುವ ನಾಲ್ಕು ಜನರೊಡನೆ ಮಾತನಾಡಿ, ಬೇರೆಯವರು ಬಡಿಸಿದ ಊಟವನ್ನು ಬಿಸಿಯಾಗಿ ಉಣ್ಣುವ ಅವಕಾಶ ಗರ್ಭಿಣಿಗೆ ಸಿಗುತ್ತದೆ. ಅತ್ತೆಯವರು, ಪತಿ ಈ ಅರ್ಧ ಗಂಟೆಯನ್ನು ಕೆಲಸ ತಪ್ಪಿಸಿಕೊಳ್ಳುವುದೆಂದು ಭಾವಿಸದಿರಲು ಕೋರಲಾಗಿದೆ.

ಸದರಿ ಆಹಾರವು ಔದಾರ್ಯವಲ್ಲ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕರಣ 4ರ ಅನ್ವಯ ಗರ್ಭಾವಸ್ಥೆಯಲ್ಲಿ ಹಾಗೂ ಹೆರಿಗೆಯ ನಂತರ ಆರು ತಿಂಗಳವರೆಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಪಡೆಯುವುದು ಮಹಿಳೆಯ ಹಕ್ಕು. ಇದಕ್ಕೆ ಬಿ.ಪಿ.ಎಲ್. ಪಡಿತರ ಚೀಟಿ ಇರಬೇಕೆಂಬ ನಿಯಮವಿಲ್ಲ.

ಕಬ್ಬಿಣಾಂಶದ ಮಾತ್ರೆಗಳು

ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ, ಇತರ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಗರ್ಭಿಣಿಯಲ್ಲಿ 7 ಗ್ರಾಂಗಿಂತ ಕಡಿಮೆಯಿದ್ದರೆ ಅದು ತೀವ್ರ ಸ್ವರೂಪದ್ದು. ವಿಳಂಬ ಮಾಡದೆ ಆಸ್ಪತ್ರೆಗೆ ಹೋಗಬೇಕು. ಆಹಾರ ಒಂದರಿಂದಲೇ ಅದನ್ನು ಸರಿಪಡಿಸಲಾಗದು.

2018ರಲ್ಲಿ ಪ್ರಾರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೆಂಪು ಮಾತ್ರೆ ನೀಡಲಾಗುತ್ತದೆ. ಇದರಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ. ಮಾತ್ರೆ ಪಡೆದವರೆಲ್ಲರೂ ಅದನ್ನು ನುಂಗುವುದಿಲ್ಲ ಎಂಬುದು ಕ್ಷೇತ್ರ ಸಿಬ್ಬಂದಿಗೆ ತಿಳಿದ ವಿಷಯ. ಹೊಟ್ಟೆ ತೊಳಸುವುದು, ಮಲಬದ್ಧತೆ, ಮಲ ಕಪ್ಪಾಗುವುದು ಇವುಗಳಿಂದ ಹೆದರಿ ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದರಿಂದ ಯಾವ ಹಾನಿಯೂ ಇಲ್ಲ. ಹೊಟ್ಟೆ ತೊಳಸುವವರು ರಾತ್ರಿ ಊಟದ ನಂತರ ನುಂಗಿ ಮಲಗಬಹುದು. ಚಹಾ ಅಥವಾ ಹಾಲಿನೊಡನೆ ನುಂಗಬಾರದು. ಸುಣ್ಣದಂಶದ ಮಾತ್ರೆಯನ್ನೂ ಇದರೊಡನೆ ತೆಗೆದುಕೊಳ್ಳದೆ ಕನಿಷ್ಠ ಎರಡು ಗಂಟೆ ಬಿಡಬೇಕು.

ಎಲ್ಲ ರಕ್ತಹೀನತೆಯೂ ಕಬ್ಬಿಣಾಂಶದ ಕೊರತೆಯಿಂದಲೇ ಬರುವುದಿಲ್ಲ. ಜಂತುಹುಳು, ಅತಿಯಾದ ಮುಟ್ಟಿನ ಸ್ರಾವ, ಚಾಮರಾಜನಗರ, ಮೈಸೂರು ಮತ್ತು ಕೊಡಗಿನ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರೋಗ ಇವೂ ಕಾರಣಗಳಾಗಿರಬಹುದು. ಮೂರು ತಿಂಗಳು ಮಾತ್ರೆ ನುಂಗಿಯೂ ಪ್ರಮಾಣ ಏರದಿದ್ದರೆ ವೈದ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಆಹಾರದಿಂದ ಪರಿಹಾರವಾಗದ ಒತ್ತಡ

ರಕ್ತದ ಪ್ರಮಾಣ ಸರಿಯಿದ್ದೂ ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ, ಅಳು, ನಿದ್ರಾಹೀನತೆ, ಮಗುವಿನ ಬಗ್ಗೆ ನಿರಾಸಕ್ತಿ ಅಥವಾ ಬದುಕು ಬೇಡವೆಂಬ ಯೋಚನೆ ಇದ್ದರೆ ಅದು ಊಟದಿಂದ ವಾಸಿಯಾಗುವ ವಿಷಯವಲ್ಲ. ಬದುಕು ಬೇಡವೆಂಬ ಯೋಚನೆ ಬಂದಲ್ಲಿ ಎರಡು ವಾರ ಕಾಯದೆ ತಕ್ಷಣವೇ ನೆರವು ಪಡೆಯಬೇಕು. ಹೆರಿಗೆಯ ನಂತರ ಇಂತಹ ಖಿನ್ನತೆ ಬರುವುದುಂಟು, ಅದಕ್ಕೆ ಚಿಕಿತ್ಸೆಯೂ ಇದೆ. 2022ರ ಅಕ್ಟೋಬರ್‌ನಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿ ಮಾತನಾಡಬಹುದು. ಒತ್ತಡಕ್ಕೆ ಮನೆಯೊಳಗಿನ ಹಿಂಸೆಯೇ ಕಾರಣವಾಗಿದ್ದಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ನೋಂದಣಿ ಮಾಡಿಕೊಳ್ಳುವ ವಿಧಾನ

ಗರ್ಭ ದೃಢಪಟ್ಟ ಕೂಡಲೇ ಸಮೀಪದ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಿ ಹೆಸರು ನೋಂದಾಯಿಸಿಕೊಳ್ಳಬೇಕು. ಆಧಾರ್, ಮೊಬೈಲ್ ಸಂಖ್ಯೆ ಹಾಗೂ ತಾಯಿ ಕಾರ್ಡ್ ಜೊತೆಗಿರಲಿ. ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಮಧ್ಯವರ್ತಿಗಳ ಅಗತ್ಯವೂ ಇಲ್ಲ. ಪ್ರತಿ ತಿಂಗಳ 9ನೇ ತಾರೀಖಿನಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಅಂದು ಹಿಮೋಗ್ಲೋಬಿನ್ ಪ್ರಮಾಣವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಲು ಮರೆಯಬಾರದು.

ಹೆರಿಗೆಗೆ ತವರಿಗೆ ಹೋಗುವವರು ಹೊರಡುವ ಮುನ್ನ ಕಾರ್ಯಕರ್ತೆಗೆ ತಿಳಿಸಿದರೆ ಪೋಷಣ್ ಟ್ರ್ಯಾಕರ್‌ನಲ್ಲಿನ ಹೆಸರನ್ನು ತವರೂರಿನ ಕೇಂದ್ರಕ್ಕೆ ವರ್ಗಾಯಿಸಲು ಅವಕಾಶವಿದೆ. ತಿಳಿಸದೆ ಹೋದವರು ಅತ್ಯಂತ ಅಗತ್ಯವಿರುವ ತಿಂಗಳುಗಳಲ್ಲಿಯೇ ಎರಡೂ ಕಡೆ ಊಟದಿಂದ ವಂಚಿತರಾಗುವ ಸಂಭವವಿರುತ್ತದೆ.

ನಿಗದಿತ ವರ್ಗಗಳಿಗೆ ಸೇರಿದ ಅರ್ಹ ಮಹಿಳೆಯರು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ ಎರಡು ಕಂತುಗಳಲ್ಲಿ ರೂ. 5,000 ಹಾಗೂ ಎರಡನೆಯದು ಹೆಣ್ಣು ಮಗುವಾದಲ್ಲಿ ರೂ. 6,000 ಪಡೆಯಲು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬಹುದು.

ಊಟ ನಿಯಮಿತವಾಗಿ ದೊರೆಯದಿದ್ದಲ್ಲಿ, ಮೊಟ್ಟೆ ಅಥವಾ ಹಾಲಿನ ಪ್ರಮಾಣ ಕಡಿಮೆಯಿದ್ದಲ್ಲಿ ಮೊದಲು ವಲಯ ಮೇಲ್ವಿಚಾರಕಿಗೆ, ನಂತರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ದಿನಾಂಕ ಸಹಿತ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಕ್ರಮ ಕೈಗೊಳ್ಳದಿದ್ದಲ್ಲಿ ಆಹಾರ ಭದ್ರತಾ ಕಾಯ್ದೆಯಡಿಯ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗಳಿಗೆ, ತದನಂತರ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನೊಂದಿಗೆ ತಾಯಿ ಕಾರ್ಡಿನ ನಕಲು ಹಾಗೂ ಮೊದಲ ದೂರಿನ ಸ್ವೀಕೃತಿ ಪ್ರತಿಯನ್ನು ಲಗತ್ತಿಸತಕ್ಕದ್ದು.