ಎಂಜಿನ್ ಆಯಿಲ್ ಡಬ್ಬಿಯ ಅಂಕಿಗಳು ಹುಟ್ಟಿದ ಬಗೆ

ಮೋಟಾರ್ ಸೈಕಲ್ಲಿಗೆ ಹಾಕುವ ಎಂಜಿನ್ ಆಯಿಲ್ ಡಬ್ಬಿಯ ಮೇಲೆ 20ಡಬ್ಲ್ಯು-40, 10ಡಬ್ಲ್ಯು-30 ಎಂಬಂಥ ಗುರುತುಗಳಿರುತ್ತವೆ. ಅಂಕಿ ದೊಡ್ಡದಾದರೆ ಆಯಿಲ್ ಮಂದ, ಮಂದವಾದಷ್ಟೂ ಎಂಜಿನ್ನಿಗೆ ಒಳ್ಳೆಯದು ಎಂಬ ನಂಬಿಕೆ ಅನೇಕ ಸವಾರರಲ್ಲಿದೆ. ಆದರೆ ಈ ಅಂಕಿಗಳು ಆಯಿಲಿನ ಗುಣಮಟ್ಟವನ್ನು ಹೇಳುವುದಿಲ್ಲ. ಗೊತ್ತುಪಡಿಸಿದ ತಾಪದಲ್ಲಿ ಅದು ಹೇಗೆ ಹರಿಯುತ್ತದೆ ಎಂಬುದನ್ನಷ್ಟೇ ಹೇಳುತ್ತವೆ. ಅವು ಹುಟ್ಟಿಬಂದ ಬಗೆಯನ್ನು ತಿಳಿದರೆ ಸರಿಯಾದ ಆಯಿಲನ್ನು ಆರಿಸುವುದು ಸುಲಭವಾಗುತ್ತದೆ.

ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ಒಳ ಅಡ್ಡಿಯೇ ಸ್ನಿಗ್ಧತೆ. ನೀರಿನಲ್ಲಿ ಇದು ಕಡಿಮೆ, ಜೇನುತುಪ್ಪದಲ್ಲಿ ಬಹಳ ಹೆಚ್ಚು. ಇದನ್ನು 1687ರಲ್ಲಿಯೇ ಐಸಾಕ್ ನ್ಯೂಟನ್ ವಿವರಿಸಿದ್ದನು. ಎಣ್ಣೆ ಸವೆತವನ್ನು ತಡೆಯುತ್ತದೆ ಎಂಬುದು ಅದಕ್ಕೂ ಬಹು ಹಿಂದಿನ ತಿಳಿವಳಿಕೆ. ಎತ್ತಿನ ಬಂಡಿಯ ಅಚ್ಚಿಗೆ ಹರಳೆಣ್ಣೆ ಸವರುತ್ತಿದ್ದ ನಮ್ಮ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಎಣ್ಣೆ ಈ ಕೆಲಸವನ್ನು ಹೇಗೆ ಮಾಡುತ್ತದೆ?

ಉತ್ತರ ಅನಿರೀಕ್ಷಿತವಾಗಿ ದೊರೆಯಿತು. 1883ರಲ್ಲಿ ಇಂಗ್ಲೆಂಡಿನ ಬೀಚಂ ಟವರ್ ಎಂಬ ಎಂಜಿನಿಯರ್ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಆತ ಒಂದು ರಂಧ್ರ ಕೊರೆದ. ದಂಡ ತಿರುಗತೊಡಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ರಂಧ್ರದಿಂದ ಮೇಲಕ್ಕೆ ಉಕ್ಕಿತು! ಬಿರಡೆ ಹಾಕಿದರೆ ಅದನ್ನೂ ಹೊರಗೆ ತಳ್ಳಿತು. ಒತ್ತಡಮಾಪಕವನ್ನು ಜೋಡಿಸಿದಾಗ ಒಳಗೆ ಭಾರಿ ಒತ್ತಡವಿರುವುದು ಗೊತ್ತಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ನೀಡಿದನು. ತಿರುಗುವ ದಂಡವು ಎಣ್ಣೆಯನ್ನು ತನ್ನೊಡನೆ ಎಳೆದು ಬೆಣೆಯಾಕಾರದ ಸಂದಿಗೆ ನೂಕುತ್ತದೆ. ಅಲ್ಲಿ ಏರುವ ಒತ್ತಡ ದಂಡವನ್ನು ಎತ್ತಿ ಹಿಡಿಯುತ್ತದೆ. ಅಂದರೆ ದಂಡ ಎಣ್ಣೆಯ ತೆಳು ಪೊರೆಯ ಮೇಲೆ ತೇಲುತ್ತದೆ.

ಈ ಸಿದ್ಧಾಂತದಲ್ಲಿ ನಮ್ಮ ಸವಾರನಿಗೂ ಒಂದು ಪಾಠವಿದೆ. ಸ್ನಿಗ್ಧತೆ ಕಡಿಮೆಯಾದರೆ ಪೊರೆ ತೆಳುವಾಗಿ ಲೋಹಕ್ಕೆ ಲೋಹ ತಾಗುತ್ತದೆ. ಹೆಚ್ಚಾದರೆ ಎಣ್ಣೆಯ ಪದರಗಳನ್ನು ಜಾರಿಸುವುದಕ್ಕೇ ಶಕ್ತಿ ವ್ಯರ್ಥವಾಗಿ ಇಂಧನ ಹೆಚ್ಚು ಬೇಕಾಗುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಂದ ಎಣ್ಣೆ ಮೇಲ್ಭಾಗದ ಕ್ಯಾಮ್ ಮತ್ತು ವಾಲ್ವುಗಳನ್ನು ತಲಪುವುದೂ ತಡ. ಆದ್ದರಿಂದ ಬೇಕಾದುದು ಅತಿ ಹೆಚ್ಚು ಸ್ನಿಗ್ಧತೆಯಲ್ಲ, ಆ ಎಂಜಿನ್ನಿಗೆ ತಕ್ಕ ಸ್ನಿಗ್ಧತೆ.

ಅದನ್ನು ಅಳೆಯುವುದು ಹೇಗೆ? ಆರಂಭದ ಉಪಾಯ ಸರಳವಾಗಿತ್ತು. ಕಿರಿದಾದ ರಂಧ್ರದ ಮೂಲಕ ಗೊತ್ತಾದ ಪ್ರಮಾಣದ ಎಣ್ಣೆ ಹರಿದುಹೋಗಲು ಎಷ್ಟು ಹೊತ್ತು ಬೇಕೆಂದು ನೋಡುವುದು. ಅಮೆರಿಕದಲ್ಲಿ ಸೇಬೋಲ್ಟ್, ಬ್ರಿಟನ್ನಿನಲ್ಲಿ ರೆಡ್‌ವುಡ್, ಜರ್ಮನಿಯಲ್ಲಿ ಎಂಗ್ಲರ್ ಮಾಪಕಗಳು ಬಳಕೆಗೆ ಬಂದವು. ಸೇಬೋಲ್ಟ್ ಮಾಪಕದಲ್ಲಿ 60 ಮಿಲೀಲೀಟರ್ ಎಣ್ಣೆ ಹರಿಯುವ ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುತ್ತಿದ್ದರು. 1911ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಎಂಜಿನ್ ಆಯಿಲುಗಳನ್ನು ಸ್ನಿಗ್ಧತೆಗೆ ತಕ್ಕಂತೆ ವರ್ಗೀಕರಿಸಿತು. ಇಂದಿನ 30, 40, 50 ಎಂಬ ಅಂಕಿಗಳ ಮೂಲ ಇಲ್ಲಿದೆ. ಈಗ ಇವು 100° ಸೆ. ತಾಪದ ಸ್ನಿಗ್ಧತೆಯನ್ನು ಸೂಚಿಸುತ್ತವೆ. 30ನೇ ದರ್ಜೆಗೆ 9.3ರಿಂದ 12.5 ಸೆಂಟಿಸ್ಟೋಕ್, 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9.

ಆದರೆ ಎಣ್ಣೆಯ ಸ್ನಿಗ್ಧತೆ ಸ್ಥಿರವಲ್ಲ. 40° ಸೆ.ನಲ್ಲಿ ಸುಮಾರು 100 ಸೆಂಟಿಸ್ಟೋಕ್ ಇರುವ ಸಾಮಾನ್ಯ 30ನೇ ದರ್ಜೆಯ ಆಯಿಲ್ 100° ಸೆ.ನಲ್ಲಿ ಸುಮಾರು 11ಕ್ಕೆ ಇಳಿಯುತ್ತದೆ. ಈ ಇಳಿತ ಎಲ್ಲ ಎಣ್ಣೆಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಅದನ್ನು ಹೋಲಿಸಲು 1929ರಲ್ಲಿ ಡೀನ್ ಮತ್ತು ಡೇವಿಸ್ ಸ್ನಿಗ್ಧತಾ ಸೂಚ್ಯಂಕವನ್ನು ರೂಪಿಸಿದರು. ತಾಪಕ್ಕೆ ಕಡಿಮೆ ಬದಲಾಗುವ ಪೆನ್ಸಿಲ್ವೇನಿಯಾದ ಎಣ್ಣೆಗೆ 100, ಬಹಳ ಬದಲಾಗುವ ಮೆಕ್ಸಿಕೊ ಕೊಲ್ಲಿ ತೀರದ ಎಣ್ಣೆಗೆ 0 ಎಂದು ಗೊತ್ತುಮಾಡಿದರು.

ಶೀತ ದೇಶಗಳಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಆಯಿಲ್ ಹಾಕಬೇಕಾಗಿತ್ತು. ಚಳಿಗಾಲದ ದರ್ಜೆಗಳಿಗೆ ಸೇರಿಸಿದ ‘ಡಬ್ಲ್ಯು’ ಎಂದರೆ ವಿಂಟರ್, ತೂಕವಲ್ಲ. 1950ರ ದಶಕದಲ್ಲಿ ಬಹುದರ್ಜೆಯ ಆಯಿಲುಗಳು ಪ್ರಚಾರಕ್ಕೆ ಬಂದವು. ತೆಳು ಎಣ್ಣೆಗೆ ಪಾಲಿಮರ್ ಬೆರೆಸುವುದೇ ಇದರ ಗುಟ್ಟು. ಪಾಲಿಮರಿನ ಉದ್ದನೆಯ ಅಣುಗಳು ತಂಪಿನಲ್ಲಿ ಮುದುಡಿ, ಬಿಸಿಯಲ್ಲಿ ಅರಳಿಕೊಂಡು ಎಣ್ಣೆ ತೀರ ತೆಳುವಾಗದಂತೆ ನೋಡಿಕೊಳ್ಳುತ್ತವೆ. ಹೀಗೆ ಒಂದೇ ಡಬ್ಬಿಗೆ ಎರಡು ಅಂಕಿಗಳು ಬಂದವು.

ಮೋಟಾರ್ ಸೈಕಲ್ಲಿನಲ್ಲಿ ಇಷ್ಟೂ ಸಾಲದಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಎರಡು ಹೊಡೆತದ ಎಂಜಿನ್ನಿನವು. ಅವುಗಳಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಎಂಜಿನ್ನಿಗೆ, ಗಿಯರುಗಳಿಗೆ ಬೇರೆಯೇ ಎಣ್ಣೆ. ಹಳೆಯ ಬುಲೆಟ್ಟಿನಲ್ಲಿಯೂ ಎಂಜಿನ್ ಮತ್ತು ಗಿಯರುಪೆಟ್ಟಿಗೆಗಳ ಎಣ್ಣೆ ಬೇರೆ ಬೇರೆ. ಆದರೆ 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100ರಂಥ ಜಪಾನೀ ವಿನ್ಯಾಸದ ನಾಲ್ಕು ಹೊಡೆತದ ಬೈಕುಗಳಲ್ಲಿ ಎಂಜಿನ್, ಗಿಯರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಗಿಯರಿನ ಹಲ್ಲುಗಳು ಪಾಲಿಮರಿನ ಅಣುಗಳನ್ನು ತುಂಡರಿಸುವುದರಿಂದ ಆಯಿಲ್ ಬೇಗ ತೆಳುವಾಗುತ್ತದೆ. ಆಯಿಲಿನಲ್ಲಿ ಮುಳುಗಿರುವ ಕ್ಲಚ್ ತಟ್ಟೆಗಳಿಗಾದರೋ ಘರ್ಷಣೆಯೇ ಬೇಕು! 1990ರ ದಶಕದಲ್ಲಿ ಕಾರುಗಳ ಇಂಧನ ಉಳಿಸಲು ಘರ್ಷಣೆ ತಗ್ಗಿಸುವ ರಾಸಾಯನಿಕಗಳುಳ್ಳ ಆಯಿಲುಗಳು ಬಂದಾಗ, ಅವನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರುವ ಅಪಾಯ ಎದುರಾಯಿತು. ಅದಕ್ಕಾಗಿ ಜಪಾನಿನಲ್ಲಿ 1998ರಲ್ಲಿ ಜಾಸೊ ಟಿ903 ಮಾನಕ ರೂಪುಗೊಂಡಿತು. ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗೆ ಎಂಎ, ಕ್ಲಚ್ ಎಂಜಿನ್ ಆಯಿಲಿನಲ್ಲಿ ಇಲ್ಲದ ಸ್ಕೂಟರಿನಂಥವಕ್ಕೆ ಎಂಬಿ. 2006ರಲ್ಲಿ ಎಂಎ1, ಎಂಎ2 ಎಂಬ ಒಳದರ್ಜೆಗಳೂ ಸೇರಿದವು. ಬೈಕ್ ಎಂಜಿನ್ನಿನ ಮಾದರಿಯನ್ನೇ ಅನುಸರಿಸಿದ ಕ್ವಾಡ್ ಎಂಬ ನಾಲ್ಕು ಗಾಲಿಯ ಬಂಡಿಗಳಿಗೂ, ಕ್ಲಚ್ ಎಣ್ಣೆಯಲ್ಲಿದ್ದರೆ, ಇದೇ ನಿಯಮ.

ಹಾಗಾದರೆ ಆಯ್ಕೆ ಹೇಗೆ? 10ಡಬ್ಲ್ಯು ಆಯಿಲಿನ ಶೀತಪರೀಕ್ಷೆ ನಡೆಯುವುದು –25° ಸೆ.ನಲ್ಲಿ, 20ಡಬ್ಲ್ಯುವಿನದು –15° ಸೆ.ನಲ್ಲಿ. ಕರ್ನಾಟಕದಲ್ಲಿ ಅಂಥ ಚಳಿಯೇ ಇಲ್ಲ, ಆದ್ದರಿಂದ ಇಲ್ಲಿ ಎರಡರಲ್ಲಿಯೂ ಎಂಜಿನ್ ಚಾಲೂ ಆಗುತ್ತದೆ. ಚಳಿಗಾಲದ ಲಡಾಖಿನಲ್ಲಿ ಹಾಗಲ್ಲ. ಎರಡನೆಯ ಅಂಕಿಯನ್ನು ಮಾತ್ರ ಎಂಜಿನ್ನಿನ ಬೇರಿಂಗ್ ಸಂದಿಗಳೂ ಎಣ್ಣೆ ಪಂಪೂ ನಿರ್ಧರಿಸುತ್ತವೆ. ಅದನ್ನು ತಿಳಿದವರು ತಯಾರಕರು, ಹೇಳಿರುವುದು ಬೈಕಿನ ಜೊತೆ ಕೊಟ್ಟ ಕೈಪಿಡಿಯಲ್ಲಿ. 10ಡಬ್ಲ್ಯು-30 ಎಂದಿದ್ದರೆ ಬೇಸಿಗೆಯ ಹೆಸರಿನಲ್ಲಿ 20ಡಬ್ಲ್ಯು-50 ಸುರಿಯಬೇಕಾಗಿಲ್ಲ. ಕೈಪಿಡಿಯ ದರ್ಜೆ, ಜಾಸೊ ಗುರುತು, ಆಯಿಲ್ ಬದಲಿಸಬೇಕಾದ ಕಿಲೋಮೀಟರ್ – ಈ ಮೂರನ್ನು ನೋಡಿಕೊಂಡರೆ ಎಂಜಿನ್ನಿಗೂ ಕ್ಲಚ್ಚಿಗೂ ಕ್ಷೇಮ.